ಶಾಲೆ ಮುಚ್ಚಿದರೆ ಮೊಬೈಲು ಸಾಕಾ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಅಫ್ಘಾನಿಸ್ತಾನದ ಹೆಣ್ಣುಮಕ್ಕಳು ಮೊಬೈಲಿನಲ್ಲಿ ಓದುತ್ತಿರುವ ಬಗ್ಗೆ ಬರೆದಿದ್ದೀರಿ. ಕೊರೋನಾ ಕಾಲದಲ್ಲಿ ನಮ್ಮ ಮಕ್ಕಳ ಆನ್‌ಲೈನ್ ಕ್ಲಾಸ್ ಏನಾಯ್ತು ಅಂತ ನಾನು ಕಣ್ಣಾರೆ ಕಂಡವನು. ಎಷ್ಟೋ ಮನೆಯಲ್ಲಿ ಫೋನೇ ಇರಲಿಲ್ಲ, ಇದ್ದವರು ಗೇಮ್ ಆಡಿದರು. ಇಲ್ಲೇ ಹೀಗಾದರೆ ಅಲ್ಲಿ ಏನು ಉಪಯೋಗ? ಸುಮ್ನೆ ನಮ್ಮ ಸಮಾಧಾನಕ್ಕೆ ಬರೆದುಕೊಳ್ಳುವುದಲ್ವಾ? ಇನ್ನೊಂದು, ನನ್ನಂಥ ಗಣಿತ ಮೇಷ್ಟ್ರಿಗೆ ಇದರಲ್ಲಿ ಮಾಡೋಕೆ ಏನಾದರೂ ಇದೆಯಾ?
– ನಿವೃತ್ತ ಮುಖ್ಯೋಪಾಧ್ಯಾಯರು, ತೀರ್ಥಹಳ್ಳಿ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಕೊರೋನಾ ಕ್ಲಾಸುಗಳ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. 2021ರ ಮಳೆಗಾಲದಲ್ಲಿ ಸುಳ್ಯದ ಕಡೆಯ ಹುಡುಗಿಯೊಬ್ಬಳು ನೆಟ್‌ವರ್ಕ್ ಸಿಗುವ ಜಾಗ ಹುಡುಕಿ ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುತ್ತಿದ್ದ ಫೋಟೊ ನಿಮಗೂ ನೆನಪಿರಬೇಕು. ಆದರೆ ಆ ಫೋಟೊದಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಸರ್ಕಾರವೂ ಮಕ್ಕಳು ಓದಲಿ ಅಂತಲೇ ಚಂದನದಲ್ಲಿ ‘ಸಂವೇದ’ ಪಾಠ ಹಾಕಿತು, ‘ವಿದ್ಯಾಗಮ’ ಅಂತ ಶಿಕ್ಷಕರನ್ನು ಮಕ್ಕಳಿದ್ದಲ್ಲಿಗೇ ಕಳಿಸಿತು. ಇವತ್ತಲ್ಲ ನಾಳೆ ಶಾಲೆ ತೆರೆಯುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ನಾವು ಆನ್‌ಲೈನ್ ಕ್ಲಾಸನ್ನು ಶಾಲೆಯ ಜೊತೆ ಹೋಲಿಸಿ ಕಳಪೆ ಅಂದೆವು. ಅಲ್ಲಿ ಹೋಲಿಸೋಕೆ ಶಾಲೆಯೇ ಇಲ್ಲವಲ್ಲ.

ತಾಲಿಬಾನ್ ಕಾಬೂಲಿಗೆ ಬಂದದ್ದು 2021ರ ಆಗಸ್ಟ್ 15ಕ್ಕೆ. ಮುಂದಿನ ತಿಂಗಳು ಏಳನೇ ತರಗತಿಯಿಂದ ಮೇಲಿನ ಹುಡುಗರನ್ನು ಮಾತ್ರ ಶಾಲೆಗೆ ಕರೆದರು. 2022ರ ಮಾರ್ಚ್ 23ಕ್ಕೆ ಹುಡುಗಿಯರಿಗೂ ತೆರೆಯುತ್ತೇವೆ ಅಂದರು. ಅವರು ಬ್ಯಾಗ್ ಹಾಕಿಕೊಂಡು ಬಂದು ಬೆಂಚಿನ ಮೇಲೆ ಕೂತೂ ಆಗಿತ್ತು. ಕೆಲವೇ ಗಂಟೆಯಲ್ಲಿ ವಾಪಸ್ ಕಳಿಸಿದರು. ಅದೇ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು. 2024ರ ಡಿಸೆಂಬರಿನಲ್ಲಿ ನರ್ಸಿಂಗ್, ಸೂಲಗಿತ್ತಿ ತರಬೇತಿಯೂ ಹೋಯಿತು. ಆರನೇ ತರಗತಿಯಾಚೆ ಓದಲಾಗದ ಹುಡುಗಿಯರು 2025ರ ಹೊತ್ತಿಗೆ ಸುಮಾರು 22 ಲಕ್ಷ ಅನ್ನುತ್ತದೆ ವಿಶ್ವಸಂಸ್ಥೆ.

ಇಷ್ಟರ ನಡುವೆ ಯಾವ ತಂತ್ರಜ್ಞಾನ ಕೆಲಸ ಮಾಡಿದೆ ಗೊತ್ತಾ? ನಾವು ಹಳೇದು ಅಂತ ಮೂಲೆಗಿಟ್ಟದ್ದೇ ಜಾಸ್ತಿ. ರೇಡಿಯೋ, ಡಿಶ್ ಟಿವಿ, ವಾಟ್ಸ್‌ಆ್ಯಪ್. ಹಮೀದಾ ಅಮಾನ್ ಅನ್ನುವ ಪತ್ರಕರ್ತೆ 2021ರ ಮಾರ್ಚ್ 8ರಂದು, ಅಂದರೆ ತಾಲಿಬಾನ್ ಬರುವ ಮೊದಲೇ, ಕಾಬೂಲಿನಲ್ಲಿ ‘ರೇಡಿಯೋ ಬೇಗಂ’ ಶುರು ಮಾಡಿದ್ದರು. ಆಮೇಲೆ ಅದರಲ್ಲಿ ಶಾಲೆಯ ಪಾಠಗಳೂ ಬರತೊಡಗಿದವು. ಮೂರು ವರ್ಷಕ್ಕೆ ಸರಿಯಾಗಿ ಪ್ಯಾರಿಸ್ಸಿನಿಂದ ‘ಬೇಗಂ ಟಿವಿ’ ಉಪಗ್ರಹದ ಮೂಲಕ ಬಂತು. ಏಳರಿಂದ ಹನ್ನೆರಡನೇ ತರಗತಿಯ ಪಾಠಗಳ ವಿಡಿಯೊ, ಅಲ್ಲಿನ ಮುಖ್ಯ ಭಾಷೆಗಳಾದ ದರಿ ಮತ್ತು ಪಶ್ತೋ ಎರಡರಲ್ಲೂ ಇದೆ. ಬಿಬಿಸಿ 2023ರಲ್ಲಿ ‘ದರ್ಸ್’ ಅನ್ನುವ ಕಾರ್ಯಕ್ರಮ ಆರಂಭಿಸಿತು. ಅದನ್ನು ನಡೆಸಿಕೊಟ್ಟವರು ಕಾಬೂಲು ಬಿಟ್ಟು ಬಂದ ಪತ್ರಕರ್ತೆಯರೇ. ಇಂಟರ್‌ನೆಟ್ಟಾದರೆ ಯಾರು ಏನು ನೋಡಿದರು ಅನ್ನುವ ಗುರುತು ಉಳಿಯುತ್ತದೆ, ಡೇಟಾಗೆ ದುಡ್ಡೂ ಬೇಕು. ಚಾವಣಿ ಮೇಲಿನ ಡಿಶ್ಶಿಗೆ ಈ ತಾಪತ್ರಯ ಇಲ್ಲ. ಒಂದು ಟಿವಿ ಮುಂದೆ ಅಕ್ಕ, ತಂಗಿ, ಅಮ್ಮ ಮೂವರೂ ಕೂತು ಕಲಿಯಬಹುದು.

ಇದೂ ಸುರಕ್ಷಿತ ಅಂತಲ್ಲ. 2025ರ ಫೆಬ್ರವರಿಯಲ್ಲಿ ರೇಡಿಯೋ ಬೇಗಂ ಕಚೇರಿಗೆ ನುಗ್ಗಿ ಪ್ರಸಾರ ನಿಲ್ಲಿಸಿದರು, ಸಿಬ್ಬಂದಿಯನ್ನೂ ಹಿಡಿದರು. ಕೆಲವು ವಾರದ ಮೇಲೆ ಪ್ರಸಾರಕ್ಕೆ ಮತ್ತೆ ಬಿಟ್ಟರು. ಸೆಪ್ಟೆಂಬರಿನಲ್ಲಿ ಮೊದಲು ಬಲ್ಖ್ ಪ್ರಾಂತ್ಯದಲ್ಲಿ ‘ಅನೈತಿಕತೆ ತಡೆಯಲು’ ಅಂತ ಫೈಬರ್ ಇಂಟರ್‌ನೆಟ್ ಕತ್ತರಿಸಿದರು. ತಿಂಗಳ ಕೊನೆಗೆ ಇಡೀ ದೇಶದಲ್ಲಿ ಸುಮಾರು ಎರಡು ದಿನ ನೆಟ್ಟೂ ಇಲ್ಲ, ಫೋನೂ ಇಲ್ಲ. ಆನ್‌ಲೈನ್ ಕ್ಲಾಸ್ ಕೂಡ ಅಪ್ಪಣೆ ಇರುವವರೆಗೆ ಮಾತ್ರ ಅಂತ ಆಗ ಎಲ್ಲರಿಗೂ ಅರ್ಥವಾಯಿತು. ‘ತಂತ್ರಜ್ಞಾನ ತಾಲಿಬಾನನ್ನು ಸೋಲಿಸಿತು’ ಅಂತ ಬರುವ ಲೇಖನಗಳನ್ನು ಕಂಡರೆ ನನಗೆ ಸಿಟ್ಟು ಬರೋದು ಇದಕ್ಕೇ.

ಅಂದಹಾಗೆ, ಕದ್ದು ಓದುವುದು ಅವರಿಗೆ ಹೊಸದೇನಲ್ಲ. ತಾಲಿಬಾನಿನ ಮೊದಲ ಆಳ್ವಿಕೆಯಲ್ಲಿ (1996–2001) ಹೆರಾತ್ ಊರಿನಲ್ಲಿ ‘ಚಿನ್ನದ ಸೂಜಿ’ ಅಂತ ಒಂದು ಹೊಲಿಗೆ ಕ್ಲಾಸ್ ಇತ್ತು. ಹೆಂಗಸರು ಬುರ್ಖಾ ಹಾಕಿಕೊಂಡು ಬಟ್ಟೆ, ಕತ್ತರಿ ಹಿಡಿದು ಬರುತ್ತಿದ್ದರು. ಅಡಿಯಲ್ಲಿ ನೋಟ್‌ಬುಕ್ಕು, ಪೆನ್ನು. ಒಳಗೆ ನಡೆಯುತ್ತಿದ್ದದ್ದು ಸಾಹಿತ್ಯದ ಪಾಠ. ಹೊರಗೆ ಆಡುತ್ತಿದ್ದ ಮಕ್ಕಳು ಯಾರಾದರೂ ಬಂದರೆ ಸುಳಿವು ಕೊಡುತ್ತಿದ್ದರು, ತಕ್ಷಣ ಪುಸ್ತಕ ಮಾಯವಾಗಿ ಸೂಜಿದಾರ ಕೈಗೆ ಬರುತ್ತಿತ್ತು. ಅದೇ ಹೆರಾತ್‌ನಲ್ಲಿ 2015ರಲ್ಲಿ ಹುಡುಗಿಯರಿಗೆ ಕೋಡಿಂಗ್ ಕಲಿಸುವ ‘ಕೋಡ್ ಟು ಇನ್‌ಸ್ಪೈರ್’ ಶಾಲೆ ಹುಟ್ಟಿತು. 2021ರ ನಂತರ ಅದೂ ಆನ್‌ಲೈನಿಗೆ ಹೋಯಿತು.

ಓದಿದ್ದಕ್ಕೆ ಸರ್ಟಿಫಿಕೇಟ್ ಕೊಡುವವರು ಯಾರು, ಮೇಷ್ಟ್ರೇ? ನಿಜವಾದ ಕಗ್ಗಂಟು ಇಲ್ಲಿದೆ. ಅಮೆರಿಕದ ‘ಯೂನಿವರ್ಸಿಟಿ ಆಫ್ ದಿ ಪೀಪಲ್’ ಅಫ್ಘಾನ್ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟು ಓದಿಸುತ್ತಿದೆ. ಅಲ್ಲಿ ಇಂಥ ಹೊತ್ತಿಗೇ ಲೈವ್ ಕ್ಲಾಸಿಗೆ ಬರಬೇಕು ಅಂತಿಲ್ಲ. ಕರೆಂಟ್ ಬಂದಾಗ ಪಾಠ ಓದಿ, ವಾರದ ಅಸೈನ್‌ಮೆಂಟ್ ಬರೆದು ಕಳಿಸಿದರಾಯಿತು. ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲದ ಊರಿಗೆ ಇದೇ ಸರಿ. ನಮ್ಮ ಸರ್ಕಾರದ ಐಸಿಸಿಆರ್ (ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿ) ಕೂಡ 2023ರಲ್ಲಿ ಅಫ್ಘಾನ್ ವಿದ್ಯಾರ್ಥಿಗಳಿಗೆ ಆನ್‌ಲೈನ್ ಪದವಿಗಾಗಿ ವಿದ್ಯಾರ್ಥಿವೇತನ ಘೋಷಿಸಿತು. ಒಳ್ಳೆಯದೇ. ಆದರೆ 2021ರ ಆಗಸ್ಟಿನಲ್ಲಿ, ದೇಶದ ಹೊರಗಿದ್ದ ಅಫ್ಘನ್ನರ ಹಳೆಯ ವೀಸಾಗಳನ್ನೆಲ್ಲ ರದ್ದು ಮಾಡಿದ್ದೂ ನಮ್ಮ ಸರ್ಕಾರವೇ. ಕೊರೋನಾಕ್ಕೆ ಊರಿಗೆ ಹೋಗಿದ್ದ ವಿದ್ಯಾರ್ಥಿಗಳು ಅಲ್ಲೇ ಸಿಕ್ಕಿಕೊಂಡರು. ಮೈಸೂರು ವಿಶ್ವವಿದ್ಯಾನಿಲಯದಂಥ ಕಡೆ ಕೂತು ಓದಬಹುದಾದ ಹುಡುಗಿಗೆ ಲಿಂಕ್ ಕಳಿಸಿ ಕೈತೊಳೆದುಕೊಂಡರೆ ಸಾಲದು ಅಂತ ನನ್ನ ಅಭಿಪ್ರಾಯ.

ಫೋನಿನಲ್ಲಿ ಕಲಿಯಲಾಗದ್ದೂ ಇದೆ. ಕೋಡಿಂಗ್ ಕಲಿಯಬಹುದು, ಇಂಗ್ಲಿಷ್ ಕಲಿಯಬಹುದು. ಹೆರಿಗೆ ಮಾಡಿಸುವುದನ್ನು ವಿಡಿಯೊ ನೋಡಿ ಕಲಿಯೋಕಾಗುತ್ತಾ? ಹೆರಿಗೆಯಲ್ಲಿ ತಾಯಂದಿರು ಸಾಯುವ ಪ್ರಮಾಣ ತುಂಬಾ ಜಾಸ್ತಿ ಇರುವ ದೇಶ ಅದು. ಗಂಡು ಡಾಕ್ಟರ ಬಳಿ ಹೆಂಗಸರು ಹೋಗುವುದೇ ಕಷ್ಟ. ಈಗಿನ ದಾದಿಯರಿಗೆ ವಯಸ್ಸಾದ ಮೇಲೆ ಅವರ ಜಾಗಕ್ಕೆ ಬರೋಕೆ ತರಬೇತಿ ಪಡೆದವರೇ ಇರುವುದಿಲ್ಲ. ನಿಮ್ಮ ಅನುಮಾನ ಇಲ್ಲಿ ನೂರಕ್ಕೆ ನೂರು ಸರಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಮಾಡೋಕೆ ಇದೆ. ಅಫ್ಘಾನ್ ಹುಡುಗಿಯರಿಗೆ ಪಾಠ ಹೇಳುವ ಸ್ವಯಂಸೇವಕರ ಗುಂಪುಗಳು ಹಲವಿವೆ. ಗಣಿತಕ್ಕೆ ದರಿ ಬರಲೇಬೇಕು ಅಂತಿಲ್ಲ, ಸರಳ ಇಂಗ್ಲಿಷ್ ಸಾಕು. ಹಿಂದಿ-ಉರ್ದು ಅರ್ಥವಾಗುವವರೂ ಅಲ್ಲಿ ಬೇಕಾದಷ್ಟು. ನಿಮ್ಮ ಪೂರ್ವಾಪರ ವಿಚಾರಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ವಿಚಾರಿಸದೇ ಸೇರಿಸಿಕೊಳ್ಳುವ ಗುಂಪಿಗೆ ಹೋಗಲೇಬೇಡಿ. ಹುಡುಗಿಯರು ಕ್ಯಾಮೆರಾ ಆಫ್ ಮಾಡಿದ್ದರೆ ಆನ್ ಮಾಡಿ ಅನ್ನಬೇಡಿ, ನಿಜವಾದ ಹೆಸರು ಕೇಳಬೇಡಿ. ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ಸಿಗೆ ಹಾಕುವ ಮಾತಂತೂ ಬೇಡವೇ ಬೇಡ. ಕಾಬೂಲಿನ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ. ಸಂಜೆಯ ಕಾಫಿ ಮುಗಿಸಿ ಆರಕ್ಕೆ ನೀವು ಕೂತರೆ ಅವರಿಗೆ ಐದು ಗಂಟೆ.

– ಸಂ.