20ನೇ ತಾರೀಕಿಗೇ ಸಂಬಳ ಖಾಲಿ ಆಗುತ್ತಿದೆ, ಯಾವ ಖರ್ಚು ಕಡಿಮೆ ಮಾಡಲಿ?

ನಿಮ್ಮ ಪ್ರಶ್ನೆ ಓದಿ ನಾಲ್ಕು ವರ್ಷದ ಹಿಂದಿನ ನಮ್ಮ ಮನೆ ನೆನಪಾಯಿತು. ಬೆಂಗಳೂರಿನಲ್ಲಿ ಬಾಡಿಗೆ ಮನೆ, 24 ಸಾವಿರ ಸಂಬಳ, ಹೆಂಡತಿ, ಐದು ವರ್ಷದ ಮಗಳು, 20ನೇ ತಾರೀಕು ದಾಟಿದರೆ ಕೈಸಾಲ ಅಂತ ಬರೆದಿದ್ದೀರಿ. ಭಾನುವಾರ ಮಗಳನ್ನು ಹೊರಗೆ ಕರೆದುಕೊಂಡು ಹೋಗುವುದನ್ನೂ ನಿಲ್ಲಿಸಬೇಕಾ ಅಂತಲೂ ಕೇಳಿದ್ದೀರಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾವಿರುವುದು ಲಗ್ಗೆರೆಯಲ್ಲಿ. ನಾನು ಪೀಣ್ಯದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ. ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ. ಇಬ್ಬರು ದುಡಿದರೂ ತಿಂಗಳ ಕೊನೆಗೆ ಪರದಾಟ ತಪ್ಪುತ್ತಿರಲಿಲ್ಲ. ಕಾರ್ಖಾನೆ ಲೆಕ್ಕ ಪೈಸೆ ಬಿಡದೆ ಬರೆಯುವ ನಾನು ಮನೆ ಲೆಕ್ಕ ಒಂದು ದಿನವೂ ಬರೆದಿರಲಿಲ್ಲ.

ಮೊದಲ ತಿಂಗಳು ಏನನ್ನೂ ಕಡಿಮೆ ಮಾಡಬೇಡಿ. ಸುಮ್ನೆ ಬರೆಯಿರಿ. ಆದರೆ ಎಷ್ಟು, ಯಾತಕ್ಕೆ ಅನ್ನುವುದರ ಜೊತೆಗೆ ಎಷ್ಟು ಹೊತ್ತಿಗೆ ಅನ್ನುವುದನ್ನೂ ಬರೆಯಿರಿ. ಫೋನ್‌ಪೇ, ಗೂಗಲ್ ಪೇ ತೆಗೆದು ನೋಡಿದರೆ ಸಮಯವೂ ಅದರಲ್ಲೇ ಇರುತ್ತದೆ. ನಮ್ಮ ಪುಸ್ತಕದಲ್ಲಿ ಬಾಡಿಗೆ, ಹಾಲು, ಸ್ಕೂಲ್ ಫೀಸು ಇವನ್ನು ಮುಟ್ಟುವ ಹಾಗೇ ಇರಲಿಲ್ಲ. ಬೇಕಿಲ್ಲದ ಖರ್ಚೆಲ್ಲ ಸಂಜೆ 6ರಿಂದ 9ರೊಳಗೆ ಆಗುತ್ತಿತ್ತು. ಕೆಲಸ ಬಿಟ್ಟು ಬರುವಾಗ ಟೀ, ಬೋಂಡ, ಮಗುವಿಗೊಂದು ಪಫ್ಸ್. ಮನೆಗೆ ಬಂದ ಮೇಲೆ ಅಡುಗೆ ಮಾಡಲು ಮೈಯಲ್ಲಿ ಶಕ್ತಿ ಇಲ್ಲ, ಹೋಟೆಲಿನಿಂದ ಚಪಾತಿ, ಕುರ್ಮ. ಎಲ್ಲ ಕೂಡಿದರೆ 3,800 ರೂಪಾಯಿ! ಯಾರೂ ಮಜಾ ಮಾಡಲು ಖರ್ಚು ಮಾಡಿದ್ದಲ್ಲ. ಹೊಟ್ಟೆ ಹಸಿದಿತ್ತು, ಮನೆಯಲ್ಲಿ ಏನೂ ತಯಾರಿರಲಿಲ್ಲ, ಅಷ್ಟೇ.

ಹಾಗಾಗಿ ನಾನು ಮಾಡಿದ್ದು ಸಂಜೆಯ ಹಸಿವಿಗೆ ಮೊದಲೇ ದಾರಿ ಮಾಡಿಟ್ಟಿದ್ದು. ಬ್ಯಾಗಿನಲ್ಲಿ ಯಾವಾಗಲೂ ಹುರಿಗಡಲೆ, ಕಡಲೆಕಾಯಿ ಬೀಜದ ಡಬ್ಬಿ. ಶನಿವಾರ ರಾತ್ರಿ ಹೆಸರುಕಾಳು, ಹುರುಳಿಕಾಳು ನೆನೆಹಾಕಿ, ಭಾನುವಾರ ಬಟ್ಟೆಯಲ್ಲಿ ಕಟ್ಟಿಟ್ಟರೆ ಸೋಮವಾರಕ್ಕೆ ಮೊಳಕೆ. ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ ಇರುತ್ತದೆ. ಸಂಜೆ ಬಂದ ತಕ್ಷಣ ಬಸ್ಸಾರು.

ನಿಮ್ಮ ಮನೆಯಲ್ಲಿ ಬಸ್ಸಾರಿನ ರೂಢಿ ಇಲ್ಲದಿದ್ದರೆ ಇದೊಂದನ್ನು ಕಲಿಯಿರಿ ಅಂತ ಕೇಳಿಕೊಳ್ಳುತ್ತೇನೆ. ನಮ್ಮ ಮಂಡ್ಯ ಕಡೆ ಇದು ವಾರಕ್ಕೆ ಎರಡು ಸಲ ಆದರೂ ಆಗುತ್ತದೆ. ಕಾಳು ಮತ್ತು ದಂಟಿನ ಸೊಪ್ಪು ಒಟ್ಟಿಗೆ ಬೇಯಿಸಿ ಬಸಿಯಬೇಕು. ಬಸಿದ ನೀರಿಗೆ (ಇದೇ ಕಟ್ಟು) ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಸಾರಿನ ಪುಡಿ, ಸ್ವಲ್ಪ ಕಾಯಿ, ಹುಣಸೆಹಣ್ಣು, ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಸಲ ಬೇಯಿಸಿದ್ದು ಎರಡು ಅಡುಗೆ ಆಯಿತಲ್ವಾ? ಕಾಲು ಕೆಜಿ ಕಾಳು, ಎರಡು ಕಟ್ಟು ಸೊಪ್ಪಿನಲ್ಲಿ ನಾಲ್ಕು ಜನ ಮುದ್ದೆ ಜೊತೆ ಹೊಟ್ಟೆ ತುಂಬ ಉಣ್ಣಬಹುದು. ಹುರುಳಿಕಟ್ಟಿನ ಸಾರಾದರೆ ಮಾರನೇ ದಿನ ಕುದಿಸಿದಾಗ ಇನ್ನೂ ರುಚಿ. ಮೂರು ತಿಂಗಳಲ್ಲಿ ನಮ್ಮ ಸಂಜೆ ಖರ್ಚು ಸಾವಿರದೊಳಗೆ ಬಂತು. ಈ ಕೆಲಸ ನಿಮ್ಮ ಮನೆಯವರೊಬ್ಬರ ತಲೆ ಮೇಲೆ ಬೀಳಬಾರದು. ನಮ್ಮಲ್ಲಿ ಸೊಪ್ಪು ಬಿಡಿಸುವುದು, ಮುದ್ದೆ ತಿರುವುವುದು ಯಜಮಾನರ ಕೆಲಸ.

ಔಷಧಿ ಖರ್ಚು ಇದ್ದರೆ ಜನೌಷಧಿ ಅಂಗಡಿ ನೋಡಿ. ಅತ್ತೆಯವರ ಬಿಪಿ, ಶುಗರ್ ಮಾತ್ರೆಗೆ ತಿಂಗಳಿಗೆ 900 ಆಗುತ್ತಿತ್ತು, ಈಗ 300 ದಾಟುವುದಿಲ್ಲ. ಡಾಕ್ಟರ ಹತ್ತಿರ ಔಷಧಿಯ ಜೆನೆರಿಕ್ ಹೆಸರು, ಅಂದರೆ ಕಂಪನಿ ಇಟ್ಟ ಹೆಸರಲ್ಲ, ಔಷಧಿಯ ಮೂಲ ಹೆಸರು ಬರೆಸಿಕೊಳ್ಳಿ, ಅವರನ್ನು ಕೇಳದೆ ಮಾತ್ರೆ ಬದಲಾಯಿಸಬೇಡಿ.

ಕರೆಂಟು ಬಿಲ್ಲಿನ ಬಗ್ಗೆ ಒಂದು ಮಾತು. ಬಾಡಿಗೆ ಮನೆಯವರಿಗೂ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಸಿಗುತ್ತದೆ. ಮನೆ ಬದಲಾಯಿಸಿದ್ದರೆ ಹಳೇ ಮನೆಯ ಆರ್‌ಆರ್ ನಂಬರಿನಿಂದ (ಬಿಲ್ಲಿನಲ್ಲಿರುವ ಕರೆಂಟು ಸಂಪರ್ಕದ ನಂಬರು) ನಿಮ್ಮ ಆಧಾರ್ ಬಿಡಿಸಿ, ಹೊಸದಕ್ಕೆ ಜೋಡಿಸಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕು, ಅದನ್ನು ನೆನಪಿಡಿ. ಎರಡು ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ಅದೊಂದಕ್ಕೇ ತಿಂಗಳಿಗೆ 60 ಯೂನಿಟ್.

ಇನ್ನು ಉಳಿಸುವ ವಿಷಯ. ಇಲ್ಲಿ ನಾವು ಪೆಟ್ಟು ತಿಂದಿದ್ದೇವೆ. ನಮ್ಮ ಬೀದಿಯಲ್ಲೇ ಒಬ್ಬರು ಚೀಟಿ ನಡೆಸುತ್ತಿದ್ದರು. ಗುರುತಿನವರು ಅಂತ ತಿಂಗಳಿಗೆ ಎರಡು ಸಾವಿರದಂತೆ 20 ತಿಂಗಳು ಕಟ್ಟಿದೆವು. ಒಂದು ದಿನ ಬೆಳಗ್ಗೆ ನೋಡಿದರೆ ಮನೆಗೆ ಬೀಗ. 40 ಸಾವಿರ ಹೋಯಿತು. ಕೈಯಲ್ಲಿ ಒಂದು ರಸೀದಿ ಕೂಡ ಇರಲಿಲ್ಲ, ಸ್ಟೇಷನ್ನಿಗೆ ಹೋಗಿ ಏನು ತೋರಿಸುವುದು? ಆ ವಾರ ನಾನು ಅತ್ತಷ್ಟು ಯಾವತ್ತೂ ಅತ್ತಿಲ್ಲ. ಚೀಟಿ ಹಾಕಲೇಬೇಕು ಅಂದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿರುವ ಕಡೆ ಹಾಕಿ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

ನಾವು ಆಮೇಲೆ ಪೋಸ್ಟ್ ಆಫೀಸಿನಲ್ಲಿ ಆರ್‌ಡಿ, ಅಂದರೆ ತಿಂಗಳು ತಿಂಗಳು ಇಷ್ಟು ಅಂತ ಕಟ್ಟುವ ಠೇವಣಿ ಮಾಡಿದೆವು. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಐದು ವರ್ಷದ ಅವಧಿ. 6.7 ಪರ್ಸೆಂಟ್ ಬಡ್ಡಿಯಲ್ಲಿ ತಿಂಗಳಿಗೆ ಸಾವಿರ ಕಟ್ಟಿದರೆ ಕೊನೆಗೆ ಸುಮಾರು 71 ಸಾವಿರ ಕೈಗೆ ಬರುತ್ತದೆ. ಒಂದು ವರ್ಷ ತಪ್ಪದೆ ಕಟ್ಟಿದ್ದರೆ, ಕಷ್ಟ ಬಂದಾಗ ಕಟ್ಟಿದ್ದರಲ್ಲಿ ಅರ್ಧದವರೆಗೆ ಸಾಲ ಸಿಗುತ್ತದೆ. ಸಂಬಳ ಬಂದ ದಿನವೇ ಕಟ್ಟಿಬಿಡಿ. ತಿಂಗಳ ಕೊನೆಯಲ್ಲಿ ಉಳಿದರೆ ಕಟ್ಟೋಣ ಅಂತ ನಾವು ಎರಡು ವರ್ಷ ಅಂದುಕೊಂಡೆವು, ಒಂದು ತಿಂಗಳೂ ಉಳಿಯಲಿಲ್ಲ. ನಿಮ್ಮ ಪರಿಸ್ಥಿತಿಯಲ್ಲಿ 500ರಿಂದ ಶುರು ಮಾಡಿ, ಸಾಕು. ಆದರೆ ಈಗಿರುವ ಕೈಸಾಲಕ್ಕೆ ಬಡ್ಡಿ ಕಟ್ಟುತ್ತಿದ್ದರೆ ಮೊದಲು ಅದನ್ನು ತೀರಿಸಿ. ಮೀಟರ್ ಬಡ್ಡಿಯ ಮುಂದೆ ಯಾವ ಆರ್‌ಡಿಯೂ ನಿಲ್ಲುವುದಿಲ್ಲ.

ಈಗ ಮಗಳ ವಿಷಯ. ದಯವಿಟ್ಟು ಭಾನುವಾರ ನಿಲ್ಲಿಸಬೇಡಿ. ನಮ್ಮ ಮಗ ಆಗ ಆರು ವರ್ಷದವನು. ಮಾಲ್‌ಗೆ ಹೋಗುವುದು ಬಿಟ್ಟೆವು, ಕಬ್ಬನ್ ಪಾರ್ಕಿಗೆ ಹೋಗಲು ಶುರು ಮಾಡಿದೆವು. ಭಾನುವಾರ ಒಳಗೆ ಗಾಡಿ ಬಿಡುವುದಿಲ್ಲ, ಮಕ್ಕಳು ರಸ್ತೆ ತುಂಬ ಓಡಬಹುದು. ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ಹೆಂಗಸರಿಗೆ ಉಚಿತ, ಹಾಗಾಗಿ ನನಗೆ ಟಿಕೆಟ್ ದುಡ್ಡಿಲ್ಲ, ನಿಮ್ಮ ಮನೆಯವರಿಗೂ ಇರುವುದಿಲ್ಲ. ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತೇವೆ. ಸಂಬಳ ಬಂದ ಮೇಲಿನ ಮೊದಲ ಭಾನುವಾರ ಮಾತ್ರ ಬುತ್ತಿ ಇಲ್ಲ, ಹೋಟೆಲಿನಲ್ಲಿ ಕೂತು ಮಸಾಲೆ ದೋಸೆ. ಆ ದುಡ್ಡನ್ನು ಒಂದನೇ ತಾರೀಕೇ ತೆಗೆದಿಟ್ಟಿರುತ್ತೇವೆ. ಮಗ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿಡುತ್ತಾನೆ.