ಪಾಸ್‌ವರ್ಡ್ ಮರೆತರೆ ಫಾರ್ಮ್ಯಾಟ್ ಯಾಕೆ ಮಾಡಿಸ್ತೀರಿ?

ಹಳೇ ಕಂಪ್ಯೂಟರಿನ ಪಾಸ್‌ವರ್ಡ್ ಮರೆತವರ ಪತ್ರಗಳು ನಿಲ್ಲುತ್ತಲೇ ಇಲ್ಲ. ಅರ್ಧಕ್ಕರ್ಧ ಜನ ಫಾರ್ಮ್ಯಾಟ್ ಮಾಡಿಸಿ, ಡೇಟಾ ಕಳಕೊಂಡ ಮೇಲೆ ಬರೆಯುತ್ತಾರೆ. ಅದಕ್ಕೇ ಈ ಸಲ ಒಂದು ಪ್ರಶ್ನೆಗೆ ವಿವರವಾಗಿ ಉತ್ತರಿಸುತ್ತಿದ್ದೇನೆ. ಉಳಿದವಕ್ಕೆ ಚುಟುಕಾಗಿ.

ಪ್ರಶ್ನೆ: ನಮ್ಮದು ಸಿಮೆಂಟು, ಕಬ್ಬಿಣದ ಅಂಗಡಿ. ವಿಂಡೋಸ್ 7 ಇರುವ ಹಳೇ ಡೆಸ್ಕ್‌ಟಾಪ್‌ನಲ್ಲಿ ಟ್ಯಾಲಿ ಲೆಕ್ಕ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪತ್ರಗಳು ಎಲ್ಲ ಇವೆ. ಲೆಕ್ಕ ಬರೆಯುತ್ತಿದ್ದ ಹುಡುಗ ಕೆಲಸ ಬಿಟ್ಟ. ಅಡ್ಮಿನ್ ಪಾಸ್‌ವರ್ಡ್ ನಮಗೆ ಯಾರಿಗೂ ಗೊತ್ತಿಲ್ಲ. ರಿಪೇರಿಯವರು "ಫಾರ್ಮ್ಯಾಟ್ ಹೊಡೀಬೇಕು, ಡಿ ಡ್ರೈವ್‌ನಲ್ಲಿರೋದು ಸೇಫ್" ಅಂತಾರೆ. ಮಾಡಿಸಬಹುದೇ? (ರಾಣೆಬೆನ್ನೂರಿನ ಓದುಗರು)

ಮಾಡಿಸಬೇಡಿ. ಡೆಸ್ಕ್‌ಟಾಪ್ ಮೇಲಿನ ಫೈಲುಗಳು, ಮೈ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲ ಇರುವುದು ಸಿ ಡ್ರೈವ್‌ನಲ್ಲಿ. ಎಷ್ಟೋ ಅಂಗಡಿಗಳಲ್ಲಿ ಟ್ಯಾಲಿ ಡೇಟಾ ಕೂಡ ಅಲ್ಲೇ. "ಡಿ ಡ್ರೈವ್ ಸೇಫ್" ಅನ್ನುವವರು ಸಿ ಡ್ರೈವ್ ಹೋಗುತ್ತದೆ ಅನ್ನುವುದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಗಿರಾಕಿಯ ಹತ್ತು ವರ್ಷದ ಲೆಕ್ಕ ಅಳಿಸುವವರ ಕೈಗೆ ಮಿಷನ್ ಕೊಡಲೇಬಾರದು.

ಮೊದಲು ಆ ಹುಡುಗನಿಗೆ ಫೋನ್ ಮಾಡಿ ಕೇಳಿ. ಪಾಸ್‌ವರ್ಡ್ ಬದಲಿಸುವುದಕ್ಕಿಂತ ಹಳೆಯದೇ ಸಿಗುವುದು ಯಾವತ್ತೂ ಮೇಲು, ಯಾಕೆಂದು ಮುಂದೆ ಹೇಳುತ್ತೇನೆ. ಅವನು ಹೇಳಿದ ಪಾಸ್‌ವರ್ಡ್ ತಗೊಳ್ಳದಿದ್ದರೆ ಲಾಗಿನ್ ಪರದೆಯ ಎಡಗಡೆ ಕೆಳಗಿರುವ ಈಸ್ ಆಫ್ ಆಕ್ಸೆಸ್ ಗುಂಡಿ ಒತ್ತಿ, ಆನ್-ಸ್ಕ್ರೀನ್ ಕೀಬೋರ್ಡ್ ತೆರೆದು, ಮೌಸ್‌ನಿಂದ ಒಂದೊಂದೇ ಅಕ್ಷರ ಒತ್ತಿ ನೋಡಿ. ಕೀಬೋರ್ಡ್ ಲೇಔಟ್ ಬ್ರಿಟಿಷ್ ಇಂಗ್ಲಿಷಿಗೆ ಬದಲಾಗಿದ್ದರೆ ಅಟ್ ಚಿಹ್ನೆಯೂ ಜೋಡಿ ಉದ್ಧರಣ ಚಿಹ್ನೆಯೂ ಜಾಗ ಅದಲುಬದಲಾಗಿರುತ್ತವೆ. ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ನಮ್ ಲಾಕ್ ಆನ್ ಆಗಿದ್ದರೆ ಜೆ, ಕೆ, ಎಲ್ ಒತ್ತಿದಾಗ 1, 2, 3 ಬೀಳುತ್ತದೆ. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿ ಕಾಣುವುದರಿಂದ ಇದು ಗೊತ್ತಾಗುವುದೇ ಇಲ್ಲ.

ಅದೂ ಆಗಲಿಲ್ಲ ಅಂದರೆ ವಿಂಡೋಸ್ 7 ಡಿವಿಡಿ ಅಥವಾ ಇನ್‌ಸ್ಟಾಲ್ ಪೆನ್‌ಡ್ರೈವ್ ಬೇಕು. ಮಿಷನ್ ಆನ್ ಮಾಡಿದ ಕೂಡಲೇ ಬೂಟ್ ಮೆನು (ಯಾವುದರಿಂದ ಶುರುವಾಗಬೇಕೆಂದು ಆರಿಸುವ ಪಟ್ಟಿ) ತೆರೆದು ಡಿವಿಡಿ ಅಥವಾ ಪೆನ್‌ಡ್ರೈವ್ ಆರಿಸಿ: ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಭಾಷೆ ಕೇಳುವ ಮೊದಲ ಪರದೆ ಬಂದಾಗ ಶಿಫ್ಟ್ ಹಿಡಿದು ಎಫ್10 ಒತ್ತಿ. ಇನ್‌ಸ್ಟಾಲ್ ನೌ ಮಾತ್ರ ಒತ್ತಬೇಡಿ. ರಿಪೇರ್ ಆಯ್ಕೆಯಿಂದಲೂ ಹೋಗಬಹುದು, ಆದರೆ ಡಿವಿಡಿ 32 ಬಿಟ್, ಮಿಷನ್ 64 ಬಿಟ್ ಆಗಿದ್ದರೆ ಅದು ಹೊಂದುವುದಿಲ್ಲ ಅನ್ನುತ್ತದೆ. ಶಿಫ್ಟ್-ಎಫ್10ಕ್ಕೆ ಆ ತಕರಾರಿಲ್ಲ.

ಕಪ್ಪು ಕಿಟಕಿ ಬರುತ್ತದೆ. ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಫೈಲ್, ಓಪನ್ ಒತ್ತಿ, ಕೆಳಗೆ ಟೆಕ್ಸ್ಟ್ ಬದಲು ಆಲ್ ಫೈಲ್ಸ್ ಆರಿಸಿ. ಈ ಓಪನ್ ಕಿಟಕಿಯಲ್ಲೇ ಕಾಪಿ, ಪೇಸ್ಟ್, ರೀನೇಮ್ ಎಲ್ಲ ನಡೆಯುತ್ತದೆ. ಪಾಸ್‌ವರ್ಡ್ ವಿಚಾರ ಆಮೇಲೆ, ಮೊದಲು ಬ್ಯಾಕಪ್. ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್‌ಡಿಸ್ಕ್ ಹಾಕಿ ಇಷ್ಟನ್ನು ಕಾಪಿ ಮಾಡಿ (ಡ್ರೈವ್ ಅಕ್ಷರ ಬದಲಾಗಿ ಕಾಣಬಹುದು, ಅದನ್ನು ಮುಂದೆ ಹೇಳಿದ್ದೇನೆ): ಯೂಸರ್ಸ್ ಫೋಲ್ಡರ್ ಒಳಗಿನ ನಿಮ್ಮ ಹೆಸರಿನ ಫೋಲ್ಡರಿನಿಂದ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್; ಟ್ಯಾಲಿಯ ಡೇಟಾ ಫೋಲ್ಡರ್ (ಒಳಗೆ 10000, 10001 ಥರ ಐದಂಕಿ ಹೆಸರಿನ ಫೋಲ್ಡರುಗಳು, ಒಂದೊಂದು ಕಂಪನಿಗೆ ಒಂದೊಂದು); ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿನಲ್ಲಿರುವ ನುಡಿ ಫಾಂಟುಗಳು. ಯೂನಿಕೋಡ್ ಅಲ್ಲದ ಹಳೇ ನುಡಿ ಪತ್ರಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ಕಾಪಿ ನಡೆಯುವಾಗ ಎಷ್ಟಾಯಿತೆಂದು ತೋರಿಸುವ ಪಟ್ಟಿ ಬರುವುದಿಲ್ಲ, ಕಿಟಕಿ ಹ್ಯಾಂಗ್ ಆದಂತೆ ಕೂತಿರುತ್ತದೆ. ಹಾರ್ಡ್‌ಡಿಸ್ಕ್ ದೀಪ ಮಿನುಗುತ್ತಿದ್ದರೆ ಸುಮ್ಮನೆ ಕಾಯಿರಿ. ಡಿಸ್ಕ್ ಟಕ್ ಟಕ್ ಸದ್ದು ಮಾಡಿದರೆ ಮಾತ್ರ ಅಲ್ಲಿಗೇ ಆಫ್ ಮಾಡಿ, ಡೇಟಾ ರಿಕವರಿ ಬಲ್ಲವರಿಗೆ ಕೊಡಿ.

ಈಗ ಪಾಸ್‌ವರ್ಡ್. ಇಲ್ಲಿ ನಿಮ್ಮ ಸಿ ಡ್ರೈವ್ ಸಾಮಾನ್ಯವಾಗಿ ಡಿ ಎಂದು ಕಾಣುತ್ತದೆ, ಸಿ ಅನ್ನುವ ಅಕ್ಷರ 100 ಎಂಬಿಯ ಸಿಸ್ಟಮ್ ರಿಸರ್ವ್ಡ್ ಭಾಗಕ್ಕೆ ಹೋಗಿರುತ್ತದೆ. ಎಕ್ಸ್ ಡ್ರೈವ್ ಕೂಡ ಕಾಣುತ್ತದೆ. ಅದು ರ‍್ಯಾಮ್‌ನಲ್ಲಿರುವ ತಾತ್ಕಾಲಿಕ ವಿಂಡೋಸ್, ಅಲ್ಲಿ ಏನು ಬದಲಿಸಿದರೂ ರೀಸ್ಟಾರ್ಟ್ ಆದಾಗ ಮಾಯ. "ನೀವು ಹೇಳಿದ್ದು ಕೆಲಸ ಮಾಡಲಿಲ್ಲ" ಅಂತ ಬರೆಯುವವರಲ್ಲಿ ಹೆಚ್ಚಿನವರು ಎಕ್ಸ್‌ನಲ್ಲಿ ಕೈಯಾಡಿಸಿರುತ್ತಾರೆ. ನಿಮ್ಮ ಹೆಸರಿನ ಯೂಸರ್ ಫೋಲ್ಡರ್ ಯಾವ ಡ್ರೈವ್‌ನಲ್ಲಿದೆಯೋ ಅದೇ ಸರಿಯಾದದ್ದು.

ಅದರ ವಿಂಡೋಸ್, ಸಿಸ್ಟಮ್32 ಒಳಗೆ ಹೋಗಿ ಎಸ್-ಇ-ಟಿ-ಎಚ್-ಸಿ ಹೆಸರಿನ ಪ್ರೋಗ್ರಾಮ್ ಹುಡುಕಿ. ಶಿಫ್ಟ್ ಐದು ಸಲ ಒತ್ತಿದಾಗ ಏಳುವ ಸ್ಟಿಕಿ ಕೀಸ್ ಅದೇ. ಆ ಹೆಸರಿನ ಕೊನೆಗೆ 1 ಸೇರಿಸಿ ರೀನೇಮ್ ಮಾಡಿ. ಸಿ-ಎಂ-ಡಿ ಅನ್ನುವ ಫೈಲನ್ನು ಅಲ್ಲೇ ಕಾಪಿ-ಪೇಸ್ಟ್ ಮಾಡಿ, ಆ ನಕಲಿಗೆ ಎಸ್-ಇ-ಟಿ-ಎಚ್-ಸಿ ಎಂದು ಹೆಸರಿಡಿ. ಎಕ್ಸ್‌ಟೆನ್ಷನ್ (ಹೆಸರಿನ ಕೊನೆಯ ಚುಕ್ಕಿ-ಇ-ಎಕ್ಸ್-ಇ) ಕಾಣದಿದ್ದರೆ ನೀವಾಗಿ ಸೇರಿಸಬೇಡಿ, ಎರಡೆರಡು ಎಕ್ಸ್‌ಟೆನ್ಷನ್ ಆಗಿ ಫೈಲು ಓಡುವುದಿಲ್ಲ.

ಡಿವಿಡಿ ತೆಗೆದು ರೀಸ್ಟಾರ್ಟ್ ಮಾಡಿ, ಲಾಗಿನ್ ಪರದೆಯಲ್ಲಿ ಶಿಫ್ಟ್ ಐದು ಸಲ ಒತ್ತಿ. ಕಪ್ಪು ಕಿಟಕಿ ತೆರೆಯುತ್ತದೆ. ನೆಟ್, ಒಂದು ಸ್ಪೇಸ್, ಯೂಸರ್ ಎಂದು ಇಂಗ್ಲಿಷಿನಲ್ಲಿ ಹೊಡೆದರೆ ಖಾತೆಗಳ ಪಟ್ಟಿ ಬರುತ್ತದೆ. ಅದರಲ್ಲಿ ಅಡ್ಮಿನಿಸ್ಟ್ರೇಟರ್ ಅನ್ನುವ ಹೆಸರೂ ಇರುತ್ತದೆ. ವಿಂಡೋಸ್ 7ರಲ್ಲಿ ಅದನ್ನು ಮೊದಲಿಂದಲೇ ಮುಚ್ಚಿಟ್ಟಿರುತ್ತಾರೆ, ಮುಟ್ಟಬೇಡಿ. ಲಾಗಿನ್ ಪರದೆಯಲ್ಲಿ ಕಾಣುವ ಖಾತೆ ಯಾವುದೋ ಅದರ ಹೆಸರನ್ನು ಅದೇ ಆಜ್ಞೆಯ ನಂತರ ಸ್ಪೇಸ್ ಬಿಟ್ಟು ಬರೆದು, ಸ್ಪೇಸ್ ಬಿಟ್ಟು, ನಕ್ಷತ್ರ ಚಿಹ್ನೆ ಹಾಕಿ ಎಂಟರ್ ಕೊಡಿ. ಹೆಸರಿನ ನಡುವೆ ಸ್ಪೇಸ್ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಹೊಸ ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ, ಟೈಪ್ ಮಾಡುವಾಗ ಏನೂ ಕಾಣುವುದಿಲ್ಲ.

"ಖಾಲಿ ಬಿಟ್ಟರೆ ಸುಲಭ" ಅಂದುಕೊಳ್ಳಬೇಡಿ. ಪಾಸ್‌ವರ್ಡ್ ಇಲ್ಲದ ಖಾತೆಯ ಹೆಸರಲ್ಲಿ ಬೇರೆ ಕಂಪ್ಯೂಟರಿನಿಂದ ಬಂದರೆ ವಿಂಡೋಸ್ ಒಳಗೆ ಬಿಡುವುದಿಲ್ಲ. ಪಕ್ಕದ ಟೇಬಲ್ಲಿನಿಂದ ಆ ಖಾತೆಯಲ್ಲಿ ಟ್ಯಾಲಿ ಫೋಲ್ಡರ್ ತೆರೆಯುತ್ತಿದ್ದರೆ ಅದು ನಿಂತುಹೋಗುತ್ತದೆ.

ಹೀಗೆ ಹೊರಗಿನಿಂದ ಪಾಸ್‌ವರ್ಡ್ ಬದಲಿಸಿದರೆ ಫೈಲುಗಳೇನೋ ಸಿಗುತ್ತವೆ, ಆದರೆ ಕ್ರೋಮ್‌ನಲ್ಲಿ, ಔಟ್‌ಲುಕ್‌ನಲ್ಲಿ ಸೇವ್ ಆದ ಪಾಸ್‌ವರ್ಡುಗಳು ತೆರೆಯುವುದಿಲ್ಲ. ಅವುಗಳ ಬೀಗ ಹಳೇ ಪಾಸ್‌ವರ್ಡಿಗೆ ಕಟ್ಟಿರುತ್ತದೆ. ವಿಂಡೋಸ್‌ನ ಎನ್‌ಕ್ರಿಪ್ಷನ್ ಹಾಕಿದ ಫೈಲುಗಳ ಕಥೆಯೂ ಅಷ್ಟೇ, ಅವುಗಳ ಹೆಸರು ಹಸಿರು ಬಣ್ಣದಲ್ಲಿ ಇರುತ್ತದೆ. ಹುಡುಗನಿಗೆ ಫೋನ್ ಮಾಡಿ ಅಂದದ್ದು ಇದಕ್ಕೇ. ಆಮೇಲೆ ನೆನಪಾದರೂ ಸರಿ, ಹಳೇ ಪಾಸ್‌ವರ್ಡನ್ನೇ ಮತ್ತೆ ಇಟ್ಟರೆ ಅವು ತೆರೆಯುತ್ತವೆ. ಯುಎಸ್‌ಬಿ ಟೋಕನ್‌ನಲ್ಲಿರುವ ಡಿಜಿಟಲ್ ಸಹಿಗೆ ಏನೂ ಆಗುವುದಿಲ್ಲ, ಅದರ ಕೀಲಿ ಟೋಕನ್ನಿನೊಳಗೇ ಇರುತ್ತದೆ.

ಕೆಲಸ ಇನ್ನೂ ಮುಗಿದಿಲ್ಲ. ಮತ್ತೆ ಡಿವಿಡಿಯಿಂದ ಬೂಟ್ ಮಾಡಿ, ನಕಲು ಫೈಲ್ ಅಳಿಸಿ, 1 ಸೇರಿಸಿದ ಅಸಲಿಗೆ ಹಳೇ ಹೆಸರು ಕೊಡಿ. ಹಾಗೇ ಬಿಟ್ಟರೆ ಅಂಗಡಿಗೆ ಬಂದ ಯಾರು ಬೇಕಾದರೂ ಶಿಫ್ಟ್ ಐದು ಸಲ ಒತ್ತಿ ನಿಮ್ಮ ಪಾಸ್‌ವರ್ಡ್ ಬದಲಿಸಬಹುದು. ಇದನ್ನು ಬಾಕಿ ಬಿಟ್ಟು ದುಡ್ಡು ತಗೊಂಡು ಹೋಗುವ ರಿಪೇರಿಯವರನ್ನು ಕ್ಷಮಿಸಲಾಗದು.

ಡಿವಿಡಿ ಇಲ್ಲದೆ, ವಿಂಡೋಸ್ ಶುರುವಾಗುವಾಗ ಕರೆಂಟ್ ತೆಗೆದು ಸ್ಟಾರ್ಟಪ್ ರಿಪೇರ್ ಬರಿಸುವ ವಿಡಿಯೋ ನೋಡಿದೆ. ಮಾಡಲೇ?
ಬೇಡ. ವಯಸ್ಸಾದ ಹಾರ್ಡ್‌ಡಿಸ್ಕಿಗೆ ಓಡುವಾಗ ಕರೆಂಟ್ ತೆಗೆಯುವುದು ಡೇಟಾ ಜೊತೆ ಜೂಜು.

ಮದರ್‌ಬೋರ್ಡಿನ ಸೆಲ್ ತೆಗೆದರೆ ಪಾಸ್‌ವರ್ಡ್ ಹೋಗುತ್ತದಂತೆ?
ವಿಂಡೋಸ್ ಪಾಸ್‌ವರ್ಡಿಗೂ ಆ ಸೆಲ್‌ಗೂ ಸಂಬಂಧವಿಲ್ಲ. ಡೆಸ್ಕ್‌ಟಾಪಿನ ಬಯೋಸ್ ಪಾಸ್‌ವರ್ಡ್ (ವಿಂಡೋಸ್ ಶುರುವಾಗುವ ಮುಂಚೆಯೇ ಕೇಳುವಂಥದ್ದು) ಮಾತ್ರ ಹೋಗಬಹುದು, ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಅದೂ ಹೋಗದು.

ಎಕ್ಸ್‌ಪಿ ಮಿಷನ್ ಲಾಕ್ ಆಗಿದೆ.
ಸ್ವಾಗತ ಪರದೆಯಲ್ಲಿ ಕಂಟ್ರೋಲ್-ಆಲ್ಟ್-ಡಿಲೀಟ್ ಎರಡು ಸಲ ಒತ್ತಿ, ಹೆಸರಿಗೆ ಅಡ್ಮಿನಿಸ್ಟ್ರೇಟರ್ ಎಂದು ಬರೆದು, ಪಾಸ್‌ವರ್ಡ್ ಖಾಲಿ ಬಿಟ್ಟು ನೋಡಿ. ಹೋಮ್ ಆವೃತ್ತಿಯಾದರೆ ಎಫ್8 ಒತ್ತಿ ಸೇಫ್ ಮೋಡ್‌ನಲ್ಲಿ.

ವಿಂಡೋಸ್ 10ಕ್ಕೂ ಇದೇ ದಾರಿಯೇ?
ಅಲ್ಲ. ಮೈಕ್ರೋಸಾಫ್ಟ್ ಖಾತೆಯಾದರೆ ಮೊಬೈಲಿನಿಂದ ಪಾಸ್‌ವರ್ಡ್ ಬದಲಿಸಿ, ಕಂಪ್ಯೂಟರಿಗೆ ಇಂಟರ್ನೆಟ್ ಕೊಟ್ಟು ಲಾಗಿನ್ ಆಗಿ. ಡಿಸ್ಕ್ ಬಿಟ್‌ಲಾಕರ್‌ನಲ್ಲಿ (ಇಡೀ ಡಿಸ್ಕಿಗೆ ಹಾಕುವ ವಿಂಡೋಸಿನ ಬೀಗ) ಲಾಕ್ ಆಗಿ 48 ಅಂಕಿಯ ಕೀ ಕೇಳುತ್ತಿದ್ದರೆ, ಆ ಕೀ ಇಲ್ಲದೆ ತೆರೆದುಕೊಡುತ್ತೇನೆ ಅನ್ನುವವನು ಮೋಸಗಾರ.

ಟ್ಯಾಲಿ ವಾಲ್ಟ್ (ಕಂಪನಿ ಲೆಕ್ಕಕ್ಕೆ ಟ್ಯಾಲಿಯೊಳಗೇ ಹಾಕುವ ಬೀಗ) ಪಾಸ್‌ವರ್ಡ್ ಮರೆತಿದೆ.
ಅದಕ್ಕೆ ದಾರಿಯಿಲ್ಲ. ವಾಲ್ಟ್ ಹಾಕುವ ಮುಂಚಿನ ಬ್ಯಾಕಪ್ ಇದ್ದರೆ ಹುಡುಕಿ.

ಪಾಸ್‌ವರ್ಡ್ ಹುಡುಕಿಕೊಡುವ ಕ್ರ್ಯಾಕ್ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಲೇ?
ಲೆಕ್ಕಪತ್ರ ಇರುವ ಮಿಷನ್ನಿಗೆ ಕೈಯಾರೆ ವೈರಸ್ ತುಂಬಬೇಡಿ.

ಮುಂದೆ ಹೀಗಾಗದಂತೆ?
ಲಾಗಿನ್ ಆದ ದಿನವೇ ಕಂಟ್ರೋಲ್ ಪ್ಯಾನೆಲ್, ಯೂಸರ್ ಅಕೌಂಟ್ಸ್‌ಗೆ ಹೋಗಿ, ಎಡಗಡೆಯ ಕ್ರಿಯೇಟ್ ಎ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಒತ್ತಿ ಒಂದು ಪೆನ್‌ಡ್ರೈವ್ ಮಾಡಿಡಿ. ಆಮೇಲೆ ಎಷ್ಟು ಸಲ ಪಾಸ್‌ವರ್ಡ್ ಬದಲಿಸಿದರೂ ಅದೇ ಪೆನ್‌ಡ್ರೈವ್ ಸಾಕು. ಅದು ಯಾರ ಕೈಗೆ ಸಿಕ್ಕರೂ ನಿಮ್ಮ ಖಾತೆ ತೆರೆಯುತ್ತದೆ; ಹಣದ ಪೆಟ್ಟಿಗೆಯಲ್ಲಿಡಿ, ಕಂಪ್ಯೂಟರ್ ಟೇಬಲ್ಲಿನ ಡ್ರಾಯರಿನಲ್ಲಲ್ಲ.