ಲೈನ್ ಹರಿದ ಮೇಲೆ ಸೀಸ ಎಲ್ಲಿ ಹೋಗುತ್ತದೆ?

ಗಾಳ ಹಾಕಿದ ಬಗ್ಗೆ ನೀವು ಬರೆದಿದ್ದು ಓದಿದೆ. 60 ಗ್ರಾಂ ಸೀಸವನ್ನು ಸ್ವಿವೆಲ್‌ಗೇ (ಲೈನ್ ಮತ್ತು ಕೊಕ್ಕೆಯ ದಾರ ಸೇರುವಲ್ಲಿನ ತಿರುಗುವ ಕೊಂಡಿ) ಗಂಟು ಹಾಕಿ ಕಟ್ಟಿದ್ದಿರಿ. ಗೆಂಡೆ ಕಚ್ಚಿ ಜೊಂಡಿನೊಳಗೆ ನುಗ್ಗಿತು, ಮೇನ್ ಲೈನ್ (ರಾಡ್‌ನಿಂದ ಬರುವ ಮುಖ್ಯ ದಾರ) ಹರಿಯಿತು. ಈಗ ಇನ್ನೂ ಭಾರದ ಸೀಸ ಹಾಕಬೇಕಾ, ಯಾವ ರಿಗ್ (ಕೊಕ್ಕೆ, ಸೀಸ ಜೋಡಿಸಿ ಕಟ್ಟುವ ರೀತಿ) ಒಳ್ಳೆಯದು ಅಂತ ಕೇಳಿದ್ದೀರಿ. ಭಾರದ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಮೀನಿನ ಗತಿ ನೋಡೋಣ. ಬಾಯಲ್ಲಿ ಕೊಕ್ಕೆ, ಹಿಂದೆ 60 ಗ್ರಾಂ ಸೀಸ. ಅದು ಎಲ್ಲಾದರೂ ಬೇರಿಗೆ ಸಿಕ್ಕಿಕೊಂಡರೆ ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಅಲ್ಲೇ ಸುತ್ತಬೇಕು.

ನಿಮ್ಮನ್ನು ಬೈಯುತ್ತಿಲ್ಲ. ನಾನೂ ಇದನ್ನು ಕಲಿತಿದ್ದು ತಡವಾಗಿ. ಒಮ್ಮೆ ನಾನು ಹಿಡಿದ ಗೆಂಡೆಯ ಬಾಯಲ್ಲಿ ಎರಡು ಕೊಕ್ಕೆ ಇತ್ತು. ಒಂದು ನನ್ನದು, ಇನ್ನೊಂದು ಬೇರೆ ಯಾರದೋ. ಆ ಹಳೇ ಕೊಕ್ಕೆಯ ಹಿಂದೆ ಕಾಲು ಮೀಟರ್ ಹುಕ್ ಲಿಂಕ್ (ಕೊಕ್ಕೆ ಕಟ್ಟುವ ಸಣ್ಣ ದಾರ), ಅದರ ತುದಿಗೆ ಲೆಡ್ ಕ್ಲಿಪ್ (ಜೋರಾಗಿ ಎಳೆದರೆ ಸೀಸವನ್ನು ಬಿಟ್ಟುಕೊಡಬೇಕಾದ ಕೊಂಡಿ), ಕ್ಲಿಪ್‌ನಲ್ಲಿ ಸೀಸ ಹಾಗೇ ಇತ್ತು. ಕ್ಲಿಪ್‌ನಲ್ಲಿ ಸೀಸವನ್ನು ಹಿಡಿದಿಡುವ ಟೈಲ್ ರಬ್ಬರನ್ನು ಎಷ್ಟು ಬಿಗಿಯಾಗಿ ತುರುಕಿದ್ದರು ಅಂದರೆ ನಾನು ಎರಡು ಕೈಯಲ್ಲಿ ತಿರುಚಿದರೂ ಬಿಡಲಿಲ್ಲ. ಮನೆಗೆ ಬಂದು ನನ್ನ ಡಬ್ಬಿ ತೆಗೆದು ನೋಡಿದೆ. ನನ್ನವೂ ಮುಕ್ಕಾಲು ಪಾಲು ಹಾಗೇ ಇದ್ದವು!

ಅವತ್ತಿನಿಂದ ಯಾವ ರಿಗ್ ಕಟ್ಟಿದರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮೇನ್ ಲೈನ್ ಇಲ್ಲೇ ಹರಿದರೆ ಮೀನು ಏನನ್ನು ಎಳೆದುಕೊಂಡು ಹೋಗುತ್ತದೆ? ಕೊಕ್ಕೆ, ಒಂದು ಗೇಣು ಹುಕ್ ಲಿಂಕ್, ಜಾಸ್ತಿ ಅಂದರೆ ಒಂದು ತುಂಡು ಲೈನ್. ಇಷ್ಟೇ ಅಂತಾದರೆ ಸರಿ. ಸೀಸವೂ ಅಂತಾದರೆ ಬಿಚ್ಚಿ ಮತ್ತೆ ಕಟ್ಟಬೇಕು.

ನೀವು ಹೇಳಿದ ಜೊಂಡಿನ ಜಾಗಕ್ಕೆ ಲೆಡ್ ಕ್ಲಿಪ್ ಸಾಕು. ಆದರೆ ಅದನ್ನು ಕಟ್ಟುವುದರಲ್ಲೇ ಎಲ್ಲ ಇದೆ. ಕ್ಲಿಪ್‌ನೊಳಗೆ ಸ್ವಿವೆಲ್ ಕೂರಿಸಿ ಅಡ್ಡಕ್ಕೆ ಒಂದು ಸಣ್ಣ ಪಿನ್ ಹಾಕುತ್ತೀರಲ್ಲ, ಅದನ್ನು ಮರೆಯಬೇಡಿ. ಪಿನ್ ಇಲ್ಲದಿದ್ದರೆ ಕ್ಲಿಪ್ ಸ್ವಿವೆಲ್ ಬಿಟ್ಟು ಲೈನ್ ಮೇಲೆ ಜಾರುತ್ತದೆ. ಆಗ ಎಳೆತ ಸೀಸದ ಮೇಲೆ ಸರಿಯಾಗಿ ಬೀಳುವುದಿಲ್ಲ, ಸೀಸವೂ ಕಳಚುವುದಿಲ್ಲ. ಗಾಳ ಎಸೆಯುವಾಗ ಸೀಸ ಉದುರದಷ್ಟು ಮಾತ್ರ ಟೈಲ್ ರಬ್ಬರನ್ನು ಹಾಕಿ. ಜೊಂಡು ದಟ್ಟವಾಗಿದ್ದರೆ ತುದಿಯಲ್ಲಿ ಸುಮ್ನೆ ಹಿಡಿದುಕೊಂಡಿದ್ದರೂ ಸಾಕು. ಒಣಗಿದ್ದಾಗ ಸಡಿಲ ಅನ್ನಿಸಿದ್ದು ಒದ್ದೆಯಾದಾಗ ಬೇರೆ ಥರ ಆಡಬಹುದು. ಅದಕ್ಕೇ ಬಕೆಟ್ ನೀರಲ್ಲಿ ಅದ್ದಿ ಪರೀಕ್ಷೆ ಮಾಡಿ. ಒಂದು ಕೈಯಲ್ಲಿ ಸೀಸ ಹಿಡಿಯಿರಿ, ಇನ್ನೊಂದು ಕೈಯಲ್ಲಿ ಹುಕ್ ಲಿಂಕ್ ಹಿಡಿದು ನಿಧಾನಕ್ಕೆ ಎಳೆಯಿರಿ. ಕೊಕ್ಕೆ ತುದಿ ಬೆರಳಿಗೆ ತಾಗದ ಹಾಗೆ ಒಂದು ಕಾರ್ಕ್‌ಗೆ ಚುಚ್ಚಿಟ್ಟುಕೊಳ್ಳಿ. ನಿಮ್ಮ ಬೆರಳು ಬಿಳಿಯಾಗುವಷ್ಟು ಎಳೆಯಬೇಕಾಗಿ ಬಂದರೆ ಅದು ಬಿಗಿ. ಮೀನಿಗೆ ಕೈ ಇಲ್ಲ, ಬಾಯಿಂದಲೇ ಎಳೆಯಬೇಕು.

ಹಾಗಂತ ಪ್ರತಿ ಸಲ ಸೀಸ ಉದುರಲೇಬೇಕು ಅಂತಿಲ್ಲ. ತಳ ಖುಲ್ಲಾ ಇರುವ ಕಡೆ ಸುಮ್ಮನೆ ಸೀಸ ಚೆಲ್ಲುವುದು ನನಗೆ ಇಷ್ಟವಿಲ್ಲ. ಸೀಸ ವಿಷ, ನೀರಲ್ಲಿ ಉಳಿಯುತ್ತದೆ. ಹಂಸಗಳು ಸಣ್ಣ ಗುಂಡುಗಳನ್ನು ನುಂಗಿ ಸಾಯುತ್ತವೆ ಅಂತಲೇ ಬ್ರಿಟನ್‌ನಲ್ಲಿ 1987ರಲ್ಲಿ 28 ಗ್ರಾಂವರೆಗಿನ ಬಹುತೇಕ ಸೀಸದ ಗುಂಡುಗಳನ್ನು ನಿಷೇಧಿಸಿದರು. ಜೊಂಡಿನ ಜಾಗದಲ್ಲಿ ಕೆಲವರು ಸೀಸದ ಬದಲು ಉದ್ದನೆಯ ಕಲ್ಲು ಕಟ್ಟುತ್ತಾರೆ. ಅದೂ ನಡೆಯುತ್ತದೆ. ಹಾಂ, ಸೀಳಿರುವ ಸಣ್ಣ ಗುಂಡುಗಳನ್ನು ಲೈನ್ ಮೇಲೆ ಹಲ್ಲಲ್ಲಿ ಕಚ್ಚಿ ಮುಚ್ಚುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಈಗ ಭಾರ. ಗೆಂಡೆ ಎರೆಯನ್ನು ಹೀರಿಕೊಂಡು ತಲೆ ಎತ್ತುತ್ತದೆ. ಹುಕ್ ಲಿಂಕ್ ಬಿಗಿಯಾದ ತಕ್ಷಣ ಸೀಸದ ತೂಕ ತಡೆಯುತ್ತದೆ, ಕೊಕ್ಕೆಯ ಮೊನೆ ತುಟಿಗೆ ನಾಟುತ್ತದೆ, ಮೀನು ಬೆದರಿ ಓಡುತ್ತದೆ. ಇಷ್ಟೇ ಇದರ ಗುಟ್ಟು. ಅಂದರೆ ಕೆಲಸ ಮಾಡುವುದು ತೂಕ, ನಿಮ್ಮ ಕೈಯಲ್ಲ. ಅದಕ್ಕೆ 85 ಗ್ರಾಂನಿಂದ 110 ಗ್ರಾಂವರೆಗೆ ನನಗೆ ಸರಿ ಬಂದಿದೆ. ನಿಮ್ಮ 60 ಗ್ರಾಂ ನನ್ನ ಲೆಕ್ಕದಲ್ಲಿ ಅರೆಬರೆ. ಮೊದಲು ರಾಡ್ ಎಷ್ಟು ತೂಕ ತಾಳುತ್ತದೆ ಅಂತ ನೋಡಿಕೊಳ್ಳಿ. ಹುಕ್ ಲಿಂಕ್ 15ರಿಂದ 20 ಸೆಂ.ಮೀ. ಇರಲಿ. ಅದು ಮೇನ್ ಲೈನ್‌ಗಿಂತ ಸ್ವಲ್ಪ ದುರ್ಬಲವೂ ಇರಲಿ. ಹರಿಯುವುದಾದರೆ ಅದೇ ಮೊದಲು ಹರಿಯಬೇಕು ಅಲ್ವಾ?

ತಳ ಮೆತ್ತಗಿನ ಹೂಳಾಗಿದ್ದರೆ ಇದೇ ಭಾರ ಮುಳುವಾಗುತ್ತದೆ. ಸೀಸ ಹೂತುಹೋಗುತ್ತದೆ, ಜೊತೆಗೆ ಹುಕ್ ಲಿಂಕನ್ನೂ ಎಳೆದುಕೊಳ್ಳುತ್ತದೆ. ಅಲ್ಲಿ ಹೆಲಿಕಾಪ್ಟರ್ ರಿಗ್ ಒಳ್ಳೆಯದು. ಸೀಸ ಲೀಡರ್‌ನ (ಮೇನ್ ಲೈನ್‌ನ ಕೊನೆಗೆ ಕಟ್ಟುವ ಗಟ್ಟಿ ದಾರ) ತುದಿಯಲ್ಲಿರುತ್ತದೆ. ಹುಕ್ ಲಿಂಕ್ ಅದಕ್ಕಿಂತ ಮೇಲೆ ಎರಡು ಮಣಿಗಳ ನಡುವೆ ಸುತ್ತುತ್ತದೆ. ಸೀಸ ಹೂತರೂ ಎರೆ ಹೂಳಿನ ಮೇಲೆ ಕೂರುತ್ತದೆ. ದೂರ ಎಸೆಯಲೂ ಚೆನ್ನ. ಆದರೆ ಜನ ಎಡವುವುದೂ ಇಲ್ಲೇ. ಇದರಲ್ಲಿ ಸೀಸ ಉದುರುವುದಿಲ್ಲ. ಲೈನ್ ಹರಿದಾಗ ಹುಕ್ ಲಿಂಕೇ ಲೀಡರ್ ಮೇಲೆ ಜಾರಿ ತುದಿ ದಾಟಿ ಹೊರಬರಬೇಕು. ಮೇಲಿನ ಮಣಿ ಬಿಗಿಯಾಗಿದ್ದರೆ, ಅಥವಾ ಲೀಡರ್‌ನ ಗಂಟು ದಪ್ಪಗಿದ್ದರೆ, ದಾರಿ ಬಂದ್. ಎಸೆಯುವ ಮುಂಚೆ ಸ್ವಿವೆಲ್ಲನ್ನು ಕೈಯಲ್ಲೇ ಮಣಿಯ ಜೊತೆ ಗಂಟು ದಾಟಿಸಿ ನೋಡಿ. ಲೆಡ್‌ಕೋರ್ (ಒಳಗೆ ಸೀಸದ ಎಳೆ ಇರುವ) ಲೀಡರನ್ನಂತೂ ಹೊಸಬರು ಮುಟ್ಟದಿರುವುದೇ ಒಳ್ಳೆಯದು. ಎಷ್ಟೋ ಕೆರೆಗಳಲ್ಲಿ ಅದಕ್ಕೆ ಅನುಮತಿಯೇ ಇಲ್ಲ.

ಗಟ್ಟಿ ತಳಕ್ಕೆ ಇನ್‌ಲೈನ್ ಸೀಸ. ಸೀಸದ ಮಧ್ಯದಲ್ಲೇ ಲೈನ್ ಹೋಗುವುದರಿಂದ ತೂಕ ಬೇಗ ತಾಗುತ್ತದೆ. ಸ್ವಿವೆಲ್ಲನ್ನು ಸೀಸದ ತುದಿಯ ರಬ್ಬರ್ ತೂತಿಗೆ ಮೆಲ್ಲಗೆ ಒತ್ತಿ, ಗುದ್ದಬೇಡಿ. ಜೊಂಡಿಗೆ ಇದು ಬೇಡ. ಮೀನುಗಳು ಚಾಲಾಕಾಗಿ ಎರೆ ಉಗುಳುತ್ತಿವೆ ಅನ್ನಿಸಿದರೆ ರನ್ನಿಂಗ್ ಸೀಸ ಹಾಕಿ ನೋಡಿ. ಸೀಸಕ್ಕೆ ಸಿಕ್ಕಿಸಿದ ದೊಡ್ಡ ಬಳೆಯೊಳಗೆ ಲೈನ್ ಸಲೀಸಾಗಿ ಓಡುತ್ತದೆ, ಹರಿದರೂ ಜಾರಿ ಬಿಡುತ್ತದೆ.

ನಿಮಗೆ ಸದ್ಯಕ್ಕೆ 85 ಗ್ರಾಂ ಚಪ್ಪಟೆ ಸೀಸ, ಪಿನ್ ಹಾಕಿದ ಕ್ಲಿಪ್, ಸಡಿಲ ರಬ್ಬರ್. ಕಚ್ಚಿದ ಕೂಡಲೇ ರಾಡ್ ಎತ್ತಿ ಮೀನನ್ನು ಮೇಲಕ್ಕೆ ತನ್ನಿ, ತಳದಲ್ಲಿ ಓಡಲು ಬಿಡಬೇಡಿ. ಸೀಸ ಕಳಚಿದ ಮೇಲೆ ಮೀನು ತಾನಾಗೇ ಮೇಲೇಳುತ್ತದೆ. ಆ ಎರಡು ಸೆಕೆಂಡ್ ಲೈನ್ ಸಡಿಲ ಆದ ಹಾಗೆ ಅನ್ನಿಸಿ ಮೀನು ತಪ್ಪಿತು ಅಂತ ಗಾಬರಿಯಾಗುತ್ತದೆ. ಸುಮ್ನೆ ಸುತ್ತುತ್ತಲೇ ಇರಿ. ಕಟ್ಟಿದ ಮೇಲೆ ಕ್ಲಿಪ್‌ನ ಫೋಟೊ ಹತ್ತಿರದಿಂದ ತೆಗೆದು ಹಾಕಿ, ರಬ್ಬರ್ ಎಲ್ಲಿಗೆ ಬಂದಿದೆ ನೋಡಿ ಹೇಳುತ್ತೇನೆ.